ಬಿಲಿಯರ್ಡ್ಸ್ ವಿಡಿಯೊಗೆ ಫೋನು ಎಲ್ಲಿಡಬೇಕು

ಕಾರವಾರ, ಶಿರಸಿ ಕಡೆ ಬಿಲಿಯರ್ಡ್ಸ್ ಪಂದ್ಯ ಚಿತ್ರೀಕರಿಸುವವರು ಫೋನನ್ನು ಟೇಬಲ್ಲಿನ ಪಕ್ಕದಲ್ಲಿ ನಿಲ್ಲಿಸಬೇಡಿ. ಕೆಂಪು ಚೆಂಡು ಇಡುವ ತುದಿಯ ಹಿಂದೆ, ಟೇಬಲ್ಲಿನ ನಡುಗೆರೆಗೆ ನೇರವಾಗಿ, ಎತ್ತರಕ್ಕೆ ಕಟ್ಟಿ. ಎಷ್ಟು ಎತ್ತರ ಅಂದರೆ, ಮೇಲಿನ ದೀಪದ ಶೇಡು ಆಚೆ ತುದಿಯ ಕುಶನ್ನನ್ನು (ರಬ್ಬರ್ ಅಂಚನ್ನು) ಮುಚ್ಚತೊಡಗುವವರೆಗೆ ಏರಿಸಿ, ಅಲ್ಲಿಂದ ಒಂದು ಗೇಣು ಇಳಿಸಿ. ದೊಡ್ಡ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ಸತತವಾಗಿ ಗಳಿಸುವ ಅಂಕ, ಬೆಳೆಯುವುದು ಹೆಚ್ಚಾಗಿ ಇದೇ ತುದಿಯಲ್ಲಿ: ಕೆಂಪು ಚೆಂಡನ್ನು ಗುಂಡಿಗೆ ಹಾಕಿದರೆ ಮೂರು ಅಂಕ, ಕ್ಯಾನನ್ನಿಗೆ (ತನ್ನ ಚೆಂಡು ಉಳಿದೆರಡಕ್ಕೂ ತಾಗಿದರೆ) ಎರಡು, ಎಲ್ಲ ಗೇಣುದ್ದದ ಆಟ. ಪಕ್ಕದಿಂದ ಹಿಡಿದರೆ ಆಟಗಾರರ ಬೆನ್ನು ಕಾಣುತ್ತದೆ, ಚೆಂಡು ತಾಗಿತೋ ಇಲ್ಲವೋ ಗೊತ್ತಾಗುವುದಿಲ್ಲ. ಅಷ್ಟು ಚಂದದ ಕೈಚಳಕ ನೋಡುವವರಿಗೆ ಸಿಗದೇ ಹೋಗಬಾರದು. ಶುರು ಮಾಡುವ ಮುಂಚೆ ಹಸಿರು ಬಟ್ಟೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬಿಳಿ ಚೆಂಡು ದುಂಡಗೆ ಕಾಣುವಷ್ಟು ಕ್ಯಾಮೆರಾದ ಬೆಳಕು (ಎಕ್ಸ್‌ಪೋಶರ್) ತಗ್ಗಿಸಿ. ಇಲ್ಲದಿದ್ದರೆ ಬಿಳಿ ಅಂಗಿಯವರು ಬಗ್ಗಿದಾಗೆಲ್ಲ ಬೆಳಕು ಏರಿಳಿದು ಬಿಳಿ, ಹಳದಿ ಚೆಂಡುಗಳ ವ್ಯತ್ಯಾಸವೇ ಅಳಿಸುತ್ತದೆ. ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ (ಎಲ್ಲವನ್ನೂ ನಾವೇ ಹೊಂದಿಸುವ ವ್ಯವಸ್ಥೆ) ಇದ್ದವರು ಶಟರ್ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಪರದೆಯ ಮೇಲೆ ಪಟ್ಟೆ ಓಡುವುದು ನಿಲ್ಲುತ್ತದೆ, ಆದರೆ ಕರೆಂಟು ಹೋಗಿ ಇನ್ವರ್ಟರ್ ಹತ್ತಿಕೊಂಡರೆ ಮತ್ತೆ ಬರಬಹುದು. ಟೇಬಲ್ಲಿನ ಹಿಂದೆ ಐದಾರು ಅಡಿಯೂ ಜಾಗವಿಲ್ಲದ ಕೋಣೆಯಲ್ಲಿ ಈ ಉಪಾಯ ನಡೆಯುವುದಿಲ್ಲ: ಫೋನಿನ ಅಗಲ ನೋಟದ 0.5 ಲೆನ್ಸಿನಲ್ಲಿ 12 ಅಡಿಯ ಟೇಬಲ್ ಹಿಡಿಸಿದರೂ ಅಂಚು ಬಾಗಿ, ನೇರ ಹೋದ ಚೆಂಡೂ ಸೊಟ್ಟ ಹೋದಂತೆ ಕಾಣುತ್ತದೆ. ಇನ್ನು ಮಳೆಗಾಲದಲ್ಲಿ ಎಸಿ ಕಾರಿನಿಂದ ಇಳಿದವರು ಹತ್ತು ನಿಮಿಷ ಬಿಟ್ಟು ಲೆನ್ಸ್ ಒರೆಸಿ; ಕರಾವಳಿಯ ಗಾಳಿಗೆ ತಣ್ಣಗಿನ ಗಾಜು ಕೂಡಲೇ ಮಂಜಾಗುತ್ತದೆ.