ಜಿಂಕೆ ಬೇಟೆಗೆ ಮೊದಲ ಹ್ಯಾಂಡ್‌ಗನ್: ಯಾವ ಕ್ಯಾಲಿಬರ್ ಆರಿಸಬೇಕು?

ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆ ಹ್ಯಾಂಡ್‌ಗನ್ ಕೊಳ್ಳುವ ಮುನ್ನ ನಿಮ್ಮ ರಾಜ್ಯದ ನಿಯಮ ಓದಿ. ಕನಿಷ್ಠ ಕ್ಯಾಲಿಬರ್ (ಗುಂಡಿನ ವ್ಯಾಸ), ನಳಿಗೆಯ ಉದ್ದದ ನಿಯಮಗಳು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ.

ಮೊದಲ ಆಯ್ಕೆಯಾಗಿ .44 ಮ್ಯಾಗ್ನಮ್ ರಿವಾಲ್ವರೇ ಒಳ್ಳೆಯದು: ನಳಿಗೆ 6ರಿಂದ 7.5 ಇಂಚು, ಗುಂಡು 240 ಗ್ರೇನ್ (ಗುಂಡಿನ ತೂಕದ ಅಳತೆ). .357 ಮ್ಯಾಗ್ನಮ್ ಆದರೆ 158 ಗ್ರೇನ್‌ಗಿಂತ ಹಗುರವಾದ ಗುಂಡು ಬೇಡ, 50 ಗಜ ದಾಟಬೇಡಿ. ಆತ್ಮರಕ್ಷಣೆಗೆಂದು ಮಾಡಿದ ಹಗುರ ಹಾಲೋ ಪಾಯಿಂಟ್ (ತುದಿಯಲ್ಲಿ ಕುಳಿಯಿರುವ ಗುಂಡು) ಬೇಗ ಅರಳಿ, ಆಳಕ್ಕೆ ಇಳಿಯದೆ ನಿಲ್ಲಬಹುದು. ಆಗ ಗಾಯಗೊಂಡ ಪ್ರಾಣಿ ಓಡಿಹೋಗಿ ನರಳುತ್ತದೆ.

.44ರ ಒದೆತಕ್ಕೆ ಹೆದರಿ ಕೈ ಬೆಚ್ಚುವುದೇ ಗುರಿ ತಪ್ಪಲು ದೊಡ್ಡ ಕಾರಣ. ಅದೇ ಗನ್‌ನಲ್ಲಿ ಮೊದಲು ಒದೆತ ಕಡಿಮೆಯಿರುವ .44 ಸ್ಪೆಷಲ್ ತೋಟಾ ಹಾರಿಸಿ ಕಲಿಯಿರಿ. ಆ ತೋಟಾ ಗಿಡ್ಡ. ಹಾಗಾಗಿ ಚೇಂಬರಿನಲ್ಲಿ (ತೋಟಾ ಕೂರುವ ತೂತಿನಲ್ಲಿ) ಅದರ ಮುಂದೆ ಮಸಿಯ ಉಂಗುರ ಕಟ್ಟುತ್ತದೆ. ಬ್ರಷ್‌ನಿಂದ ತೆಗೆಯದಿದ್ದರೆ ಮ್ಯಾಗ್ನಮ್ ತೋಟಾ ಸಿಕ್ಕಿಕೊಳ್ಳಬಹುದು. ಸಿಲಿಂಡರಿನಲ್ಲಿ (ತೋಟಾ ತುಂಬುವ, ತಿರುಗುವ ಭಾಗದಲ್ಲಿ) ಒಂದೆರಡು ಡಮ್ಮಿ, ಅಂದರೆ ಸಿಡಿಯದ ನಕಲಿ ತೋಟಾ ಬೆರೆಸಿ. ಡಮ್ಮಿಯ ಸರದಿ ಬಂದಾಗ ನಳಿಗೆಯ ತುದಿ ಕೆಳಗೆ ಬಾಗಿದರೆ ಬೆಚ್ಚುತ್ತಿದ್ದೀರಿ ಎಂದೇ ಅರ್ಥ.

8 ಇಂಚಿನ ಕಾಗದದ ತಟ್ಟೆ ನಿಲ್ಲಿಸಿ, ಬೇಟೆಯಲ್ಲಿ ಕೂರುವ ಭಂಗಿಯಲ್ಲೇ 25 ಗಜದಿಂದ ಶುರುಮಾಡಿ. ಐದಕ್ಕೆ ಐದೂ ತಟ್ಟೆಗೆ ಬೀಳುವ ದೂರವೇ ನಿಮ್ಮ ಮಿತಿ. ನಾಲ್ಕು ಬಿದ್ದರೆ ಸಾಲದು, ಹತ್ತಿರ ಬನ್ನಿ.

ಸ್ಕೋಪ್ ಬೇಕಿದ್ದರೆ ಹ್ಯಾಂಡ್‌ಗನ್‌ಗೆಂದೇ ಮಾಡಿದ್ದನ್ನು ಹಾಕಿ. ರೈಫಲ್ ಸ್ಕೋಪ್ ಕಣ್ಣಿಗೆ ತೀರಾ ಹತ್ತಿರವಿರಬೇಕಾಗುತ್ತದೆ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯ ಬಳಿ ಬೆರಳಿಡಲೇಬೇಡಿ, ಅಲ್ಲಿ ಹೊಮ್ಮುವ ಬಿಸಿ ಅನಿಲ ಚರ್ಮ ಸೀಳುತ್ತದೆ. ಕಿವಿರಕ್ಷಕ ಕಾಡಿನಲ್ಲೂ ಇರಲಿ.