ಗುಂಡನ ಶುಗರ್ ಪುಸ್ತಕ

ಬೆಳಿಗ್ಗೆ ಏಳು ಗಂಟೆಗೆ ನಮ್ಮ ಬೆಕ್ಕು ಗುಂಡನ ಕಿವಿ ತಣ್ಣಗಿರುತ್ತದೆ. ತಣ್ಣಗಿದ್ದರೆ ಶುಗರ್ ನೋಡಲು ರಕ್ತ ಬರುವುದಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದು ನಿಮಿಷ ಕಿವಿಗೆ ಒತ್ತಿ ಹಿಡಿಯುತ್ತೇನೆ. ಹತ್ತಿಯಲ್ಲಿ ಒರೆಸಿ, ಅಂಚಿಗೆ ಚೂರೇ ಚೂರು ವ್ಯಾಸಲೀನ್ ಸವರುತ್ತೇನೆ. ಇಲ್ಲಾಂದ್ರೆ ರಕ್ತ ಕೂದಲಲ್ಲಿ ಹರಡಿ ಸ್ಟ್ರಿಪ್‌ಗೆ ಸಿಗುವುದಿಲ್ಲ. ಕಿವಿಯ ಅಂಚಿಗೆ ಹೊಂದಿಕೊಂಡು ಒಂದು ರಕ್ತನಾಳ ಓಡುತ್ತದೆ. ಆ ರಕ್ತನಾಳಕ್ಕೂ ಅಂಚಿಗೂ ನಡುವೆ ಚುಚ್ಚಬೇಕು. ಕಿವಿಯ ಹಿಂದೆ ಹತ್ತಿ ಇಟ್ಟುಕೊಂಡರೆ ನಮ್ಮ ಬೆರಳಿಗೆ ಚುಚ್ಚುವುದಿಲ್ಲ. ರಾಗಿ ಕಾಳಿನಷ್ಟು ರಕ್ತ ಸಾಕು. ಆಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು, ಬೇಯಿಸಿದ ಕೋಳಿಯ ಒಂದು ಚೂರು ಕೊಡುತ್ತೇನೆ. ಈಗ ಟೈಮಿಗೆ ಸರಿಯಾಗಿ ಅವನೇ ಬಂದು ಚಾಪೆ ಮೇಲೆ ಕೂರುತ್ತಾನೆ.

ಇಷ್ಟಕ್ಕೆ ಬರಲು ಐದು ತಿಂಗಳು ಹಿಡಿಯಿತು.

ಗುಂಡನಿಗೆ ಹನ್ನೊಂದು ವರ್ಷ. ಆಪರೇಷನ್ ಮಾಡಿಸಿದ ಗಂಡು ಬೆಕ್ಕು, ಆರೂವರೆ ಕೆಜಿ ತೂಗುತ್ತಿದ್ದ. ಒಂದು ಬೇಸಿಗೆಯಲ್ಲಿ ನೀರು ಕುಡಿಯುವುದು ಜಾಸ್ತಿ ಆಯಿತು. ದಾವಣಗೆರೆ ಬಿಸಿಲು, ಬಾಯಾರಿಕೆ ಇರುತ್ತೆ ಅಂತ ಬಿಟ್ಟೆವು. ಚೆನ್ನಾಗಿ ತಿನ್ನುತ್ತಿದ್ದ, ಆದರೂ ಸೊರಗುತ್ತಿದ್ದ. ಆಮೇಲೆ ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗಿದ. ಬೆಕ್ಕು ನಡೆಯುವುದು ಬೆರಳ ಮೇಲೆ, ಅಲ್ವಾ? ಅದನ್ನು ನೋಡಿದ ದಿನವೇ ಡಾಕ್ಟರ ಹತ್ತಿರ ಓಡಿದೆ. ಶುಗರ್ 438 ಇತ್ತು. ಬೆಕ್ಕಿಗೆ ಬರೀ ಹೆದರಿಕೆಗೇ ಶುಗರ್ ಏರುತ್ತದೆ. ಅದಕ್ಕೆ ಮೂತ್ರವನ್ನೂ ನೋಡಿದರು, ಫ್ರಕ್ಟೋಸಮೈನ್ ಅನ್ನುವ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಹಿಂದಿನ ಎರಡು ಮೂರು ವಾರ ಶುಗರ್ ಹೇಗಿತ್ತು ಅಂತ ಅದರಲ್ಲಿ ಗೊತ್ತಾಗುತ್ತದೆ. ಕಾಲು ಸೋತದ್ದೂ ಶುಗರ್‌ನಿಂದಲೇ ಅಂದರು. ಗ್ಲಾರ್ಜಿನ್ ಇನ್ಸುಲಿನ್ ಬರೆದರು. 12 ಗಂಟೆಗೊಮ್ಮೆ 1 ಯೂನಿಟ್.

ಮನೆಯಲ್ಲಿ ಅವ್ವನಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ಸೂಜಿ ಹಾಕುವುದು ನನಗೆ ಹೊಸದಲ್ಲ. ಆ ಧೈರ್ಯದಲ್ಲೇ ತಪ್ಪು ಮಾಡಿದೆ. ಒಂದು ದಿನ 390 ಬಂದರೆ ಮರುದಿನ 110 ಬರುತ್ತಿತ್ತು. ಜಾಸ್ತಿ ಬಂದಾಗ ಡಾಕ್ಟರನ್ನು ಕೇಳದೆ ಅರ್ಧ ಯೂನಿಟ್ ಏರಿಸಿದೆ. ಹೀಗೆ ಏರಿಸುತ್ತಾ 3ಕ್ಕೆ ಬಂದೆ. ಬೆಳಗಿನ ನಂಬರ್ ಇಳಿಯಲೇ ಇಲ್ಲ.

ಡಾಕ್ಟರು ಸಿಟ್ಟಾಗಲಿಲ್ಲ. ಒಂದು ದಿನ ಪೂರ್ತಿ ಎರಡೆರಡು ಗಂಟೆಗೆ ನೋಡಿ ಬರೆದುಕೊಂಡು ಬನ್ನಿ ಅಂದರು. ನಿಟುವಳ್ಳಿಯ ಮನೆಯಲ್ಲೇ ಕೂತು ಹೊಲಿಗೆ ಮಾಡುವವಳು ನಾನು, ಹಾಗಾಗಿ ಮಾಡಲು ಆಯಿತು. ಬೆಳಿಗ್ಗೆ 7ಕ್ಕೆ 372. 9ಕ್ಕೆ 251. 11ಕ್ಕೆ 120. ಮಧ್ಯಾಹ್ನ 1ಕ್ಕೆ 54. ಸಂಜೆ 5ಕ್ಕೆ ಮತ್ತೆ 300 ದಾಟಿತ್ತು. ಆ 54 ನೋಡಿ ನನ್ನ ಕೈ ನಡುಗಿತು. ದಿನಾ ಮಧ್ಯಾಹ್ನ ಅವನು ಮಷೀನ್ ಕೆಳಗೆ ಮಂಕಾಗಿ ಮಲಗುತ್ತಿದ್ದ, ನಾನು ನಿದ್ದೆ ಅಂದುಕೊಂಡಿದ್ದೆ. ಶುಗರ್ ಅಷ್ಟು ಕೆಳಗೆ ಬಿದ್ದರೆ ದೇಹ ತಾನೇ ಸಕ್ಕರೆ ಬಿಟ್ಟು ಮೇಲೆತ್ತಲು ನೋಡುತ್ತದೆ, ಬೆಳಗಿನ ಒಂದೇ ನಂಬರ್ ನೋಡಿ ಡೋಸ್ ಮುಟ್ಟಬೇಡಿ ಅಂದರು. ಮತ್ತೆ 1 ಯೂನಿಟ್‌ಗೆ ಇಳಿಸಿದರು. ನಮ್ಮ ಬಳಿ ಇದ್ದದ್ದು ಅವ್ವನ ಮೀಟರ್. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೆ ಒಂದು ಸಲ ಲ್ಯಾಬ್ ರಿಪೋರ್ಟ್ ಜೊತೆ ಹೋಲಿಸಿ ನೋಡಿಕೊಂಡೆವು.

ಅವತ್ತು ಒಂದು ಉದ್ದ ನೋಟ್‌ಬುಕ್ ತಂದೆ. ಟೈಮು, ಶುಗರ್, ಎಷ್ಟು ಯೂನಿಟ್, ಏನು ತಿಂದ, ಎಲ್ಲಿ ಚುಚ್ಚಿದೆ. ಕೊನೆಗೆ ಒಂದು ಅಗಲವಾದ ಸಾಲು: ಮನೆಯಲ್ಲಿ ಏನಾಯಿತು. ಗುಂಡನ ಶುಗರ್ ಸುಮ್ನೆ ಕುಣಿಯುತ್ತಿರಲಿಲ್ಲ ಅಂತ ನನಗೆ ತೋರಿಸಿದ್ದು ಆ ಕೊನೆಯ ಸಾಲು.

ಸಂಜೆ ನಂಬರ್ ಕೆಲವು ದಿನ ಮಾತ್ರ ಏರುತ್ತಿತ್ತು. ನಾನು ಬಟ್ಟೆ ತರಲು ಪೇಟೆಗೆ ಹೋದ ದಿನಗಳವು. ಆ ದಿನ ಗುಂಡ ಕಾಂಪೌಂಡ್ ಹಾರಿ ಪಕ್ಕದ ಮನೆ ಅಜ್ಜಿ ಹತ್ತಿರ ಹೋಗುತ್ತಿದ್ದ. ಅಜ್ಜಿ ಹಾಲನ್ನ ಕಲಸಿ ಹಾಕುತ್ತಿದ್ದರು. ಹೇಳಿದಾಗ ಅವರ ಮುಖ ಸಣ್ಣದಾಯಿತು. "ಯವ್ವಾ, ಹಸಿದೈತೇನೋ ಅಂತ ಹಾಕಿದ್ನೆವ್ವಾ" ಅಂದರು. ಬೇಡ ಅನ್ನಲು ಮನಸ್ಸಾಗಲಿಲ್ಲ. ಬೇಯಿಸಿದ ಕೋಳಿ ಚೂರಿನ ಡಬ್ಬಿ ಕೊಟ್ಟೆ. ಈಗ ಅದರಲ್ಲಿ ಎರಡೇ ಚೂರು ಹಾಕುತ್ತಾರೆ.

ಇನ್ನು ಕೆಲವು ದಿನ ಸೂಜಿ ಚರ್ಮದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂದು, ಔಷಧಿ ಕೂದಲಿಗೆ ಹೋಗಿರುತ್ತಿತ್ತು. ಈಗ ಚುಚ್ಚಿದ ಮೇಲೆ ಬೆರಳಾಡಿಸಿ ಮೂಸಿ ನೋಡುತ್ತೇನೆ. ಇನ್ಸುಲಿನ್‌ಗೆ ಆಸ್ಪತ್ರೆಯ ವಾಸನೆ ಇರುತ್ತದೆ. ಹೋಗಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಮತ್ತೊಂದು ಸಲ ಚುಚ್ಚಬಾರದು. ಒಂದು ಹೊತ್ತು ಶುಗರ್ ಜಾಸ್ತಿ ಇದ್ದರೆ ತಡೆದುಕೊಳ್ಳುತ್ತದೆ, ತೀರಾ ಕಡಿಮೆಯಾದರೆ ಜೀವಕ್ಕೇ ಅಪಾಯ.

ಅದು ಹೇಗಿರುತ್ತದೆ ಅಂತ ಒಂದು ರಾತ್ರಿ ಕಣ್ಣಾರೆ ನೋಡಿದೆ. ಗುಂಡನ ಸಿರಿಂಜ್ ಮುಗಿದಿತ್ತು. ಅವ್ವನ ಡಬ್ಬಿಯಿಂದ ಒಂದು ತೆಗೆದುಕೊಂಡೆ. ಅವ್ವನದು 40ರ ಇನ್ಸುಲಿನ್, ಅಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್, ಕೆಂಪು ಮುಚ್ಚಳದ ಸಿರಿಂಜ್. ಗುಂಡನದು 100ರ ಇನ್ಸುಲಿನ್, ಕಿತ್ತಳೆ ಮುಚ್ಚಳ. ಕೆಂಪು ಸಿರಿಂಜ್‌ನಲ್ಲಿ 1ರ ಗೆರೆಗೆ ಎಳೆದರೆ 100ರ ಇನ್ಸುಲಿನ್ ಎರಡೂವರೆ ಯೂನಿಟ್ ಬಂದಿರುತ್ತದೆ. ಅದು ನನಗೆ ಹೊಳೆಯಲೇ ಇಲ್ಲ. ರಾತ್ರಿ ಹತ್ತೂವರೆಗೆ ಅಡುಗೆಮನೆ ಬಾಗಿಲಲ್ಲಿ ಓಲಾಡಿ ಗೋಡೆಗೆ ಒರಗಿದ. ಕಣ್ಣು ಅಗಲವಾಗಿತ್ತು, ಕರೆದರೆ ತಿರುಗಲಿಲ್ಲ. ಮೀಟರ್ 41 ತೋರಿಸಿತು. ಬೆರಳಿಗೆ ಜೇನುತುಪ್ಪ ಹಚ್ಚಿ ಅವನ ಒಸಡಿಗೆ ಉಜ್ಜಿದೆ. ಬಾಯಿಗೆ ಸುರಿಯಬಾರದು, ಉಸಿರಿಗೆ ಹೋಗುತ್ತದೆ. ಅವ್ವ ಡಾಕ್ಟರಿಗೆ ಫೋನ್ ಹಚ್ಚಿದರು. ನುಂಗುವಷ್ಟು ಚೇತರಿಸಿಕೊಂಡ ಮೇಲೆ ಊಟ ಇಟ್ಟೆ. ಕಾಲು ಗಂಟೆಗೊಮ್ಮೆ ನೋಡುತ್ತಾ ಬೆಳಗಿನವರೆಗೆ ಕೂತೆವು. ಬೆಳಗಿನ ಡೋಸ್ ಬಿಡಿ, ಕರೆದುಕೊಂಡು ಬನ್ನಿ ಅಂದರು ಡಾಕ್ಟರು. ಅವತ್ತಿನಿಂದ ಎರಡು ಡಬ್ಬಿ ಎರಡು ಕೋಣೆಯಲ್ಲಿವೆ. ಬೆಕ್ಕಿಗೆ ಇನ್ಸುಲಿನ್ ಹಾಕುವವರೆಲ್ಲ ಇವತ್ತೇ ನಿಮ್ಮ ಬಾಟಲಿ ಮೇಲಿನ ನಂಬರನ್ನೂ ಸಿರಿಂಜ್ ಮೇಲಿನ ನಂಬರನ್ನೂ ಒಟ್ಟಿಗೆ ಹಿಡಿದು ನೋಡಿ.

ಊಟವನ್ನೂ ಬದಲಾಯಿಸಿದೆವು. ಒಣ ಕಾಳಿನಂಥ ಆಹಾರದಲ್ಲಿ ಹಿಟ್ಟಿನ ಅಂಶ ಜಾಸ್ತಿ. ಅದನ್ನು ಬಿಡಿಸಿ ಬೆಕ್ಕಿಗೆಂದೇ ಮಾಡಿದ ಒದ್ದೆ ಆಹಾರಕ್ಕೆ (ವೆಟ್ ಫುಡ್) ತಂದೆವು. ಬರೀ ಕೋಳಿ ಹಾಕಿ ಸಾಕಲು ಆಗುವುದಿಲ್ಲ, ಬೆಕ್ಕಿಗೆ ಬೇಕಾದ್ದೆಲ್ಲ ಅದರಲ್ಲಿ ಇರುವುದಿಲ್ಲ. ಡಾಕ್ಟರಿಗೆ ಮೊದಲೇ ಹೇಳಿ ಬದಲಾಯಿಸಬೇಕು. ಹಿಟ್ಟಿನ ಅಂಶ ಇಳಿದರೆ ಇನ್ಸುಲಿನ್ ಕೂಡ ಇಳಿಸಬೇಕಾಗುತ್ತದೆ.

ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬಂದಾಗ ಮೂರು ದಿನ 300ರ ಮೇಲೆ ಇತ್ತು. ಕೊನೆಯ ಸಾಲಲ್ಲಿ "ಜಾತ್ರೆ, ಮಂಚದ ಕೆಳಗೆ" ಅಂತ ಬರೆದೆ. ಡೋಸ್ ಮುಟ್ಟಲಿಲ್ಲ. ನೆಂಟರು ಹೋದ ಮೇಲೆ ತಾನೇ ಇಳಿಯಿತು.

ಆಮೇಲೊಮ್ಮೆ ಯಾವ ಕಾರಣವೂ ಇಲ್ಲದೆ ಎರಡು ವಾರ ಇಳಿಯಲೇ ಇಲ್ಲ. ಪುಸ್ತಕ ತಿರುಗಿಸಿದರೆ "ಎಡಗಡೆಯಿಂದ ಅಗಿಯಲ್ಲ" ಅಂತ ನಾನೇ ಎರಡು ಸಲ ಬರೆದಿದ್ದೆ. ಹಿಂದಿನ ಹಲ್ಲು ಕೊಳೆತು ಒಸಡು ಕೀವಾಗಿತ್ತು. ಸೋಂಕು ಇದ್ದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಲ್ಲು ಕೀಳಿಸಿದ ಹತ್ತನೇ ದಿನಕ್ಕೆ ನಂಬರ್ 200ರ ಕೆಳಗೆ ಬಂತು.

ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನೇ ಬೇಡವಾಗುತ್ತದಂತೆ. ಗುಂಡನಿಗೆ ಇನ್ನೂ 1 ಯೂನಿಟ್ ಬೇಕು. ಇವತ್ತು ಬೆಳಿಗ್ಗೆ 168. ಕೊನೆಯ ಸಾಲಲ್ಲಿ ಬರೆದದ್ದು: ಬೆರಳ ಮೇಲೆ ನಡೆದ, ಕಿಟಕಿ ಕಟ್ಟೆಗೆ ಒಂದೇ ಸಲಕ್ಕೆ ಹಾರಿದ.