ಅಧ್ಯಾಪಕರ ಸಂಬಳದಲ್ಲಿ ಹೆಣ್ಣು–ಗಂಡಿನ ಅಂತರ: ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವ ಬಗೆ

ಒಂದು ಕಾಲೇಜಿನಲ್ಲಿ ಗಂಡಸರಿಗಿಂತ ಹೆಂಗಸರಿಗೆ ಸಂಬಳ ಕಡಿಮೆಯೇ ಎಂಬ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿವೆ. ಯಾವ ಸಂಖ್ಯೆ ಯಾವ ಪ್ರಶ್ನೆಗೆ ಉತ್ತರ ಎಂದು ಬಿಡಿಸಿ ಹೇಳದೆ ಒಂದನ್ನೇ ಮುಂದಿಟ್ಟರೆ ಓದುವವರು ದಾರಿ ತಪ್ಪುತ್ತಾರೆ. ಕೈಯಾರೆ ಮಾಡಿ ಕಲಿಯಲು ಒಳ್ಳೆಯ ದತ್ತಾಂಶವೊಂದಿದೆ: ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಕಾರ್‌ಡೇಟಾ’ ಪ್ಯಾಕೇಜಿನಲ್ಲಿ ಸಿಗುವ ‘ಸ್ಯಾಲರೀಸ್’. ಅಮೆರಿಕದ ಒಂದು ಕಾಲೇಜಿನ 397 ಅಧ್ಯಾಪಕರ 2008–09ರ ಸಂಬಳ ಅದರಲ್ಲಿದೆ. ಹೆಣ್ಣು–ಗಂಡಿನ ಸಂಬಳದ ವ್ಯತ್ಯಾಸದ ಮೇಲೆ ಕಣ್ಣಿಡಲು ಆಡಳಿತವೇ ಕಲೆಹಾಕಿದ ಮಾಹಿತಿ ಇದು. ಸಿಎಸ್‌ವಿ ಕಡತವಾಗಿ ಇಳಿಸಿಕೊಂಡರೆ ಎಕ್ಸೆಲ್ ಸಾಕು.

ಮೊದಲು ಕಾಲಂಗಳನ್ನು ನೋಡಿ. ಹುದ್ದೆ (ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ), ವಿಭಾಗ (‘ಎ’ ಅಂದರೆ ಸೈದ್ಧಾಂತಿಕ, ‘ಬಿ’ ಅಂದರೆ ಅನ್ವಯಿಕ), ಪಿಎಚ್‌.ಡಿ. ಆಗಿ ಎಷ್ಟು ವರ್ಷ, ಸೇವೆ ಎಷ್ಟು ವರ್ಷ, ಲಿಂಗ, ಸಂಬಳ. ಸಂಬಳ ಒಂಬತ್ತು ತಿಂಗಳದ್ದು ಎಂಬುದನ್ನು ಮರೆಯಬೇಡಿ. ಹನ್ನೆರಡು ತಿಂಗಳ ಸಂಬಳ ಕೊಡುವ ಇನ್ನೊಂದು ಸಂಸ್ಥೆಯ ಪಟ್ಟಿಯನ್ನು ಇದರ ಪಕ್ಕದಲ್ಲಿ ನೇರವಾಗಿ ಇಟ್ಟರೆ ಹೋಲಿಕೆ ಕೆಡುತ್ತದೆ.

ಸೇವಾವಧಿಯ ಗರಿಷ್ಠ 60 ವರ್ಷ, ಪಿಎಚ್‌.ಡಿ. ನಂತರದ ಗರಿಷ್ಠ 56 ವರ್ಷ. ಸೇವೆ ಪದವಿಗಿಂತ ಹಳೆಯದಾಗಿರುವ ಸಾಲು ಕಂಡೊಡನೆ ತಪ್ಪೆಂದು ಅಳಿಸುವವರಿದ್ದಾರೆ. ಪಿಎಚ್‌.ಡಿ. ಮುಗಿಯುವ ಮೊದಲೇ ಕೆಲಸಕ್ಕೆ ಸೇರಿದವರಿಗೆ ಅದು ಸಹಜ. ಅಳಿಸಬೇಡಿ.

ಮೊದಲ ಹೆಜ್ಜೆ ಪಿವಟ್ ಟೇಬಲ್, ಅಂದರೆ ಸಾಲುಗಳನ್ನು ಗುಂಪು ಮಾಡಿ ಸರಾಸರಿ, ಎಣಿಕೆ ತೆಗೆದುಕೊಡುವ ಎಕ್ಸೆಲ್ ಸೌಲಭ್ಯ. ಸಾಲಿಗೆ ಹುದ್ದೆ, ಕಾಲಂಗೆ ಲಿಂಗ, ಒಳಗೆ ಸಂಬಳದ ಸರಾಸರಿ. ಅದೇ ಪಟ್ಟಿಯನ್ನು ತಲೆಯೆಣಿಕೆಗೂ ಮಾಡಿ. ಎಣಿಕೆಯಿಲ್ಲದ ಸರಾಸರಿಗೆ ಬೆಲೆಯಿಲ್ಲ. ಬರುವ ಅಂಕಿಗಳು ಇವು:

ಸಹಾಯಕ ಪ್ರಾಧ್ಯಾಪಕರು: ಹೆಣ್ಣು 11, ಸರಾಸರಿ 78,050 ಡಾಲರ್, ಗಂಡು 56, ಸರಾಸರಿ 81,311
ಸಹ ಪ್ರಾಧ್ಯಾಪಕರು: ಹೆಣ್ಣು 10, ಸರಾಸರಿ 88,513, ಗಂಡು 54, ಸರಾಸರಿ 94,870
ಪ್ರಾಧ್ಯಾಪಕರು: ಹೆಣ್ಣು 18, ಸರಾಸರಿ 1,21,968, ಗಂಡು 248, ಸರಾಸರಿ 1,27,121
ಒಟ್ಟು: ಹೆಣ್ಣು 39, ಸರಾಸರಿ 1,01,002, ಗಂಡು 358, ಸರಾಸರಿ 1,15,090

ಒಟ್ಟು ಅಂತರ 14,088 ಡಾಲರ್. ಆದರೆ ಹುದ್ದೆಯೊಳಗೆ ನೋಡಿದರೆ ಅಂತರ ಸುಮಾರು 3,260ರಿಂದ 6,360ರವರೆಗೆ ಮಾತ್ರ. ಹಾಗಾದರೆ ಉಳಿದ ಹಣ ಎಲ್ಲಿ ಹೋಯಿತು? ಗಂಡಸರಲ್ಲಿ ಶೇ 69 ಮಂದಿ ಪ್ರಾಧ್ಯಾಪಕರ ಹುದ್ದೆಯಲ್ಲಿದ್ದಾರೆ, ಹೆಂಗಸರಲ್ಲಿ ಶೇ 46 ಮಾತ್ರ. ಹೆಚ್ಚಿನ ಅಂತರ ಹುಟ್ಟುವುದು ಅಲ್ಲಿ.

ಇದನ್ನು ಬಾಯಿಮಾತಿನಲ್ಲಿ ಬಿಡದೆ ಅಳೆಯಬೇಕು. ಎರಡು ಗುಂಪುಗಳ ಅಂತರವನ್ನು ಭಾಗಗಳಾಗಿ ಒಡೆದು ನೋಡಲು ಜನಸಂಖ್ಯಾಶಾಸ್ತ್ರಜ್ಞೆ ಎವೆಲಿನ್ ಕಿಟಗಾವಾ 1955ರಲ್ಲಿ ಕೊಟ್ಟ ವಿಧಾನ ಇಲ್ಲಿಗೆ ಚೆನ್ನಾಗಿ ಒಗ್ಗುತ್ತದೆ. 1973ರಲ್ಲಿ ಅರ್ಥಶಾಸ್ತ್ರಜ್ಞರಾದ ಒಹಾಕಾ ಮತ್ತು ಬ್ಲೈಂಡರ್ ಬೇರೆ ಬೇರೆಯಾಗಿ ಇದೇ ಬಗೆಯ ಲೆಕ್ಕವನ್ನು ಕೂಲಿಯ ಅಂತರಕ್ಕೆ ಹಚ್ಚಿದರು. ಹೆಂಗಸರ ಸರಾಸರಿ ಸಂಬಳವನ್ನೇ ಇಟ್ಟುಕೊಳ್ಳಿ, ತಲೆಯೆಣಿಕೆಯನ್ನು ಮಾತ್ರ ಗಂಡಸರದ್ದು ಹಾಕಿ: 56×78,050 + 54×88,513 + 248×1,21,968, ಒಟ್ಟನ್ನು 358ರಿಂದ ಭಾಗಿಸಿ. ಸುಮಾರು 1,10,051 ಬರುತ್ತದೆ. ಇದರಿಂದ 1,01,002 ಕಳೆದರೆ ಸುಮಾರು 9,050: ಇದು ಹುದ್ದೆಗಳ ಹಂಚಿಕೆಯಿಂದ ಬಂದ ಭಾಗ. 1,15,090ರಿಂದ 1,10,051 ಕಳೆದರೆ ಸುಮಾರು 5,040: ಇದು ಒಂದೇ ಹುದ್ದೆಯಲ್ಲಿದ್ದೂ ಕಡಿಮೆ ಸಿಗುತ್ತಿರುವ ಭಾಗ. ಅಂತರದ ಸುಮಾರು ಮೂರನೇ ಎರಡು ಪಾಲು ಹುದ್ದೆಯಿಂದಲೇ ಬಂದಿದೆ. ಗಂಡಸರ ಸರಾಸರಿಗೆ ಹೆಂಗಸರ ಎಣಿಕೆ ಹಾಕಿ ತಿರುಗಾಮುರುಗಾ ಮಾಡಿದರೆ ಈ ಭಾಗಗಳು ಸುಮಾರು 9,160 ಮತ್ತು 4,930 ಆಗುತ್ತವೆ. ಎರಡೂ ರೀತಿ ಮಾಡಿ ನೋಡಲೇಬೇಕು. ಫಲಿತಾಂಶ ತುಂಬಾ ಬದಲಾದರೆ ಎರಡನ್ನೂ ವರದಿಯಲ್ಲಿ ಕೊಡಿ.

ಮುಂದಿನದು ರಿಗ್ರೆಶನ್: ಹುದ್ದೆ, ವಿಭಾಗ, ವರ್ಷಗಳು, ಲಿಂಗ ಇವುಗಳಲ್ಲಿ ಒಂದೊಂದಕ್ಕೂ, ಉಳಿದವು ಸಮನಾಗಿದ್ದಾಗ, ಸಂಬಳದಲ್ಲಿ ಎಷ್ಟು ವ್ಯತ್ಯಾಸ ಕಾಣುತ್ತದೆ ಎಂದು ಒಟ್ಟಿಗೇ ಅಂದಾಜಿಸುವ ಲೆಕ್ಕ. ಹೀಗೆ ಸಿಗುವ ಒಂದೊಂದು ಸಂಖ್ಯೆಯೂ ಒಂದು ಗುಣಾಂಕ. ಎಕ್ಸೆಲ್‌ನ ಆ್ಯಡ್-ಇನ್‌ಗಳಲ್ಲಿ ‘ಅನಾಲಿಸಿಸ್ ಟೂಲ್‌ಪ್ಯಾಕ್’ ಚಾಲೂ ಮಾಡಿ. ಅದು ಅಕ್ಷರಗಳನ್ನು ಒಪ್ಪುವುದಿಲ್ಲ, ಹಾಗಾಗಿ ಗುಂಪುಗಳನ್ನು 0–1 ಆಗಿ ಬದಲಿಸಬೇಕು: ಗಂಡು=1, ಸಹ ಪ್ರಾಧ್ಯಾಪಕ=1, ಪ್ರಾಧ್ಯಾಪಕ=1, ವಿಭಾಗ ಬಿ=1. ಸಹಾಯಕ ಪ್ರಾಧ್ಯಾಪಕರಿಗೆ ಬೇರೆ ಕಾಲಂ ಬೇಡ. ಅವರೇ ಹೋಲಿಕೆಯ ತಳಪಾಯ. ಮೂರು ಹುದ್ದೆಗೂ ಮೂರು ಕಾಲಂ ಮಾಡಿದರೆ ಅವುಗಳ ಮೊತ್ತ ಯಾವಾಗಲೂ 1 ಆಗಿ, ಲೆಕ್ಕಕ್ಕೆ ಒಂದೇ ಉತ್ತರ ಇರುವುದಿಲ್ಲ. ಈ ನಾಲ್ಕರ ಜೊತೆ ಪಿಎಚ್‌.ಡಿ. ವರ್ಷ, ಸೇವಾ ವರ್ಷ ಸೇರಿ ಆರು ಕಾಲಂಗಳು. ಆರೂ ಅಕ್ಕಪಕ್ಕದಲ್ಲಿರಬೇಕು, ನಡುವೆ ಬೇರೆ ಕಾಲಂ ಬರಬಾರದು. ಟೂಲ್‌ಪ್ಯಾಕ್ ಬದಲು ‘ಲಿನೆಸ್ಟ್’ ಸೂತ್ರ ಬಳಸುವವರಿಗೆ ಒಂದು ಎಚ್ಚರಿಕೆ: ಅದು ಗುಣಾಂಕಗಳನ್ನು ಹಿಂದುಮುಂದಾಗಿ, ಕೊನೆಯ ಕಾಲಂನದ್ದನ್ನು ಮೊದಲು ಕೊಡುತ್ತದೆ.

ಸರಿಯಾಗಿ ಮಾಡಿದ್ದರೆ ಪ್ರಾಧ್ಯಾಪಕರಿಗೆ 45,066, ಸಹ ಪ್ರಾಧ್ಯಾಪಕರಿಗೆ 12,908, ವಿಭಾಗ ಬಿಗೆ 14,418, ಪಿಎಚ್‌.ಡಿ. ವರ್ಷಕ್ಕೆ 535, ಸೇವಾ ವರ್ಷಕ್ಕೆ –489, ಗಂಡಸರಿಗೆ 4,784 ಎಂಬ ಗುಣಾಂಕಗಳು ಬರುತ್ತವೆ. ಆರ್-ಸ್ಕ್ವೇರ್ 0.455, ಅಂದರೆ ಸಂಬಳದ ಏರಿಳಿತದಲ್ಲಿ ಸುಮಾರು ಶೇ 45ನ್ನು ಈ ಆರು ಕಾಲಂಗಳು ವಿವರಿಸುತ್ತವೆ. ಇವು ಬರದಿದ್ದರೆ ಮೊದಲು 0–1 ಕಾಲಂಗಳನ್ನು ಪರೀಕ್ಷಿಸಿ.

ಸೇವಾ ವರ್ಷದ ಗುಣಾಂಕ ಋಣಾತ್ಮಕ ಎಂದು ಗಾಬರಿ ಬೇಡ. ಪಿಎಚ್‌.ಡಿ. ವರ್ಷ ಮತ್ತು ಸೇವಾ ವರ್ಷಗಳ ನಡುವಿನ ಸಹಸಂಬಂಧ 0.91. ಎರಡೂ ಹೆಚ್ಚುಕಡಿಮೆ ಒಂದೇ ವಿಷಯ ಹೇಳುವಾಗ ಪ್ರತಿಯೊಂದರ ಗುಣಾಂಕವನ್ನೂ ಬಿಡಿಯಾಗಿ ಓದಬಾರದು. ‘ಒಂದು ವರ್ಷ ದುಡಿದರೆ 489 ಡಾಲರ್ ನಷ್ಟ’ ಎಂದು ಬರೆದರೆ ತಪ್ಪು. ಪಿಎಚ್‌.ಡಿ. ಒಂದೇ ಇಸವಿಯಲ್ಲಿ ಮುಗಿಸಿ ಉಳಿದುದರಲ್ಲೂ ಸಮನಾಗಿರುವ ಇಬ್ಬರಲ್ಲಿ, ಇಲ್ಲೇ ಹೆಚ್ಚು ಕಾಲ ಇದ್ದವರ ಸಂಬಳ ಬೇರೆ ಕಡೆಯಿಂದ ತಡವಾಗಿ ಬಂದವರಿಗಿಂತ ಕಡಿಮೆ ಇದೆ ಎಂದಷ್ಟೇ ಅದರ ಅರ್ಥ.

ಈಗ ಮುಖ್ಯವಾದ 4,784. ಇದರ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅಲುಗಾಡಬಹುದು ಎಂಬ ಅಳತೆ) 3,859, ಪಿ-ಮೌಲ್ಯ (ನಿಜಕ್ಕೂ ಅಂತರವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಂಭವ) 0.216. ‘ವಾಡಿಕೆಯ ಗಡಿಯಾದ 0.05ಕ್ಕಿಂತ ಹೆಚ್ಚು, ಆದ್ದರಿಂದ ತಾರತಮ್ಯವಿಲ್ಲ’ ಎಂಬ ತೀರ್ಮಾನಕ್ಕೆ ಜಿಗಿಯುವುದೇ ಈ ಕೆಲಸದಲ್ಲಿ ಅತಿ ದೊಡ್ಡ ತಪ್ಪು. ಶೇ 95ರ ವ್ಯಾಪ್ತಿಯನ್ನು (ಈ ದತ್ತಾಂಶಕ್ಕೆ ಹೊಂದುವ ಅಂತರಗಳ ಹರವನ್ನು) ಬರೆದು ನೋಡಿ: ಸುಮಾರು –2,800ರಿಂದ +12,370ರವರೆಗೆ. ಸೊನ್ನೆ ಇದರೊಳಗಿದೆ, ಹನ್ನೆರಡು ಸಾವಿರವೂ ಇದೆ. 39 ಹೆಂಗಸರಿರುವ ಪಟ್ಟಿಯಿಂದ ಇದಕ್ಕಿಂತ ಬಿಗಿಯಾದ ಉತ್ತರ ಸಿಗುವುದಿಲ್ಲ. ವರದಿಯಲ್ಲಿ ಪಿ-ಮೌಲ್ಯಕ್ಕಿಂತ ಮೊದಲು ಈ ವ್ಯಾಪ್ತಿ ಬರಲಿ.

ಇನ್ನೂ ಆಳದ ತೊಡಕು ಹುದ್ದೆಯ ಕಾಲಂನಲ್ಲಿದೆ. ಬಡ್ತಿ ಕೊಡುವಲ್ಲೇ ಅನ್ಯಾಯವಾಗಿದ್ದರೆ, ಹುದ್ದೆಯನ್ನು ಲೆಕ್ಕಕ್ಕೆ ಸೇರಿಸಿದೊಡನೆ ಆ ಅನ್ಯಾಯ ಹುದ್ದೆಯ ಗುಣಾಂಕದೊಳಗೆ ಅಡಗಿ ಕೂರುತ್ತದೆ. ಹುದ್ದೆಯನ್ನು ಕೈಬಿಟ್ಟರೂ ಸಮಸ್ಯೆ: ಹಿಂದಿನ ದಶಕಗಳಲ್ಲಿ ಹೆಂಗಸರ ನೇಮಕ ಕಡಿಮೆಯಿದ್ದುದರ ಪರಿಣಾಮವೂ ಅಂತರದಲ್ಲಿ ಬೆರೆಯುತ್ತದೆ. ಪಿಎಚ್‌.ಡಿ. ವರ್ಷ ಅದನ್ನು ಸ್ವಲ್ಪ ಮಟ್ಟಿಗೆ ಮಾತ್ರ ಸರಿದೂಗಿಸುತ್ತದೆ. ಹಾಗಾಗಿ ಹುದ್ದೆ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಓಡಿಸಿ, ಎರಡರ ಫಲಿತಾಂಶವನ್ನೂ ಅಕ್ಕಪಕ್ಕ ಮುದ್ರಿಸಿ. ಒಂದನ್ನು ಬಚ್ಚಿಡುವುದು ಪ್ರಾಮಾಣಿಕ ಲೆಕ್ಕವಲ್ಲ.

ಉಳಿಕೆಗಳ (ನಿಜವಾದ ಸಂಬಳಕ್ಕೂ ರಿಗ್ರೆಶನ್ ಅಂದಾಜಿಸಿದ ಸಂಬಳಕ್ಕೂ ಇರುವ ವ್ಯತ್ಯಾಸಗಳ) ನಕ್ಷೆಯನ್ನೂ ನೋಡಿ. ಸಹಾಯಕ ಪ್ರಾಧ್ಯಾಪಕರ ಸಂಬಳದ ಮಾನಕ ವಿಚಲನೆ (ಸರಾಸರಿಯ ಸುತ್ತ ಚದುರುವಿಕೆಯ ಅಳತೆ) ಸುಮಾರು 8,200, ಪ್ರಾಧ್ಯಾಪಕರದ್ದು 27,700. ಮೇಲಕ್ಕೆ ಹೋದಂತೆ ಚದುರುವಿಕೆ ಬೀಸಣಿಗೆಯಂತೆ ಅಗಲವಾಗುವುದರಿಂದ ಸಾಮಾನ್ಯ ಸ್ಟ್ಯಾಂಡರ್ಡ್ ಎರರ್ ನಂಬುವಂತಿಲ್ಲ. ಸಂಬಳದ ಸಹಜ ಲಾಗರಿದಮ್ (ಎಕ್ಸೆಲ್ ಸೂತ್ರ LN) ತೆಗೆದು ಮತ್ತೆ ಓಡಿಸುವುದು ಸುಲಭ ಪರಿಹಾರ, ಆಗ 0.05ರ ಗುಣಾಂಕವನ್ನು ಸುಮಾರು ಶೇ 5 ಎಂದು ಓದಬಹುದು.

ಇದೇ ವಿಧಾನವನ್ನು ಕರ್ನಾಟಕದ ಕಾಲೇಜಿಗೆ ತರುವವರು ಒಂದನ್ನು ಬದಲಿಸಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಏಳನೇ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700 ರೂಪಾಯಿ, ಪ್ರಾಧ್ಯಾಪಕರದ್ದು 1,44,200. ಒಂದೇ ಹಂತದಲ್ಲಿರುವ ಹೆಣ್ಣು–ಗಂಡಿಗೆ ಒಂದೇ ಕೋಷ್ಟಕ, ಆದ್ದರಿಂದ ಸಂಬಳವನ್ನು ಅಳೆದರೆ ಹೆಚ್ಚೇನೂ ಕಾಣುವುದಿಲ್ಲ. ಅಳೆಯಬೇಕಾದ್ದು ಬಡ್ತಿಗೆ ಕಾದ ವರ್ಷಗಳನ್ನು. ಗೌರವಧನದ ಮೇಲೆ ದುಡಿಯುವ ಅತಿಥಿ ಉಪನ್ಯಾಸಕರನ್ನು ಈ ಪಟ್ಟಿಗೆ ಬೆರೆಸದೆ ಬೇರೆಯೇ ಲೆಕ್ಕ ಮಾಡಿ. ಇನ್ನೂ ಬಡ್ತಿ ಸಿಗದವರನ್ನು ಮಾತ್ರ ಪಟ್ಟಿಯಿಂದ ತೆಗೆಯಬೇಡಿ: ಅತಿ ಹೆಚ್ಚು ಕಾಲ ಕಾಯುತ್ತಿರುವವರು ಅವರೇ, ಅವರನ್ನು ಬಿಟ್ಟರೆ ಸರಾಸರಿ ಕಾಯುವಿಕೆ ಸುಳ್ಳಾಗಿ ಕುಗ್ಗುತ್ತದೆ. ‘ಇಂದಿನವರೆಗೆ ಇಷ್ಟು ವರ್ಷ, ಬಡ್ತಿ ಇಲ್ಲ’ ಎಂದು ಗುರುತು ಹಾಕಿ, 1958ರಲ್ಲಿ ಬಂದ ಕಪ್ಲಾನ್–ಮಯರ್ ವಿಧಾನದಲ್ಲಿ (ಇನ್ನೂ ಕಾಯುತ್ತಿರುವವರನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಎಷ್ಟು ವರ್ಷದ ನಂತರ ಎಷ್ಟು ಪಾಲು ಜನ ಬಡ್ತಿಯಿಲ್ಲದೆ ಉಳಿದಿದ್ದಾರೆ ಎಂದು ತೋರಿಸುವ ಲೆಕ್ಕ) ಹೆಣ್ಣು–ಗಂಡಿಗೆ ಬೇರೆ ಬೇರೆ ರೇಖೆ ಎಳೆಯಿರಿ.